ಕಪ್ಪೆ ಕೂಗಿಗೊಂದು ಮನೆ ನೋಡಿದ್ದು

ಮೊನ್ನೆ ತಂಬಿಟ್ಟಿಗೆ ಅಂತ ಅಕ್ಕಿ ಹುರೀತಿದ್ದೆ. ಮಗಳು ಬಸುರಿ. ನಾಲಿಗೆಗೆ ಏನೂ ಸೇರ್ತಿಲ್ಲ, ಅಮ್ಮನ ಕೈ ತಂಬಿಟ್ಟೇ ಬೇಕಂತೆ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಅಕ್ಕಿ ಕೆಂಪಗೆ ತಿರುಗೋ ಹೊತ್ತಿಗೆ ಒಂದು ವಾಸನೆ ಏಳುತ್ತಲ್ಲ, ಅದು ಮೂಗಿಗೆ ಬಡೀತು ನೋಡಿ, ಕೈ ಹಾಗೇ ನಿಂತುಬಿಟ್ಟಿತು. ಹೊಗೆ ಎದ್ದ ಮೇಲೆ ಮಗಳೇ ಓಡಿಬಂದು ಒಲೆ ಆರಿಸಿದಳು. "ಎಲ್ಲಿಗೆ ಹೋಗ್ಬುಟ್ಟಿದ್ದೆ ಅಮ್ಮ, ಅಕ್ಕಿಯೆಲ್ಲ ಸೀದೋಯ್ತು" ಅಂತ ಬೈದಳು. ಎಲ್ಲಿಗೆ ಅಂತ ಹೇಳಲಿ... ಹೊಂಗಡಹಳ್ಳಕ್ಕೆ ಹೋಗಿದ್ದೆ. ಬಾಯಮ್ಮನ ಮನೆಗೆ.

ಹುರಿದಕ್ಕಿಯನ್ನ ನಾವೆಲ್ಲ ತಿನ್ನೋಕೆ ಇಟ್ಕೋತೀವಿ. ಕಪ್ಪೆಗಳಿಗೋಸ್ಕರ ಅಕ್ಕಿ ಹುರಿದೋರನ್ನ ನಾನು ಕಂಡಿದ್ದು ಅವರೊಬ್ಬರನ್ನೇ.

ಬಾಯಮ್ಮ ಅನ್ನೋದು ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನ ಮರ್ಯಾದೆಯಿಂದ ಕರೆಯೋ ರೀತಿ. ಹೆಸರು ಬೇರೆ ಇತ್ತು, ಆದರೆ ಆ ಹೆಸರಲ್ಲಿ ಅವರನ್ನ ಯಾರೂ ಕರೀತಿರಲಿಲ್ಲ. ಮಂಗಳೂರಿನ ಕಡೆಯೋರು. ಅಲ್ಲಿ ಕಾಲೇಜಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ, ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ, ರಿಟೈರ್ ಆದಮೇಲೆ ಹೊಂಗಡಹಳ್ಳದಲ್ಲಿ ಅಣ್ಣನ ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್ ಇರ್ತಿದ್ದ ಹಳೇ ಮನೆಗೆ ಬಂದು ಸೇರಿಕೊಂಡಿದ್ದರು. ಅದಕ್ಕೂ ಮುಂಚೆ ಪ್ರತಿ ಮಳೆಗಾಲ ರಜೆ ಹಾಕಿ ಬರ್ತಿದ್ದರಂತೆ. ಬಂದು ಮಾಡ್ತಿದ್ದಿದ್ದೇನು ಗೊತ್ತಾ? ಮುಸ್ಸಂಜೆ ಹೊತ್ತಲ್ಲಿ ಗದ್ದೆ ಬದು, ಹಳ್ಳದ ದಂಡೆ, ಬಿಸಿಲೆ ಕಾಡಿನ ಅಂಚು ಅಂತ ಸುತ್ತಿ ಟೇಪ್ ರೆಕಾರ್ಡರಲ್ಲಿ ಕಪ್ಪೆ ಕೂಗು ಹಿಡೀತಿದ್ದರು. ಎಸ್ಟೇಟಿನ ಕೂಲಿಯೋರ ಲೈನ್ ಮನೆಯ ಹೆಂಗಸರು ಬೆನ್ನ ಹಿಂದೆ 'ಕಪ್ಪೆ ಬಾಯಮ್ಮ' ಅಂತಿದ್ದರು. ಅವರಿಗೂ ಅದು ಗೊತ್ತಿತ್ತು. "ಹೇಳ್ಲಿ ಬಿಡು, ಹಲ್ಲಿ ಬಾಯಮ್ಮ ಅಂತ ಹೇಳ್ಲಿಲ್ಲ ಅಲ್ವಾ" ಅಂತ ನಗ್ತಿದ್ದರು.

ನಾನಾಗ ಅದೇ ಊರಿನ ಅಂಗನವಾಡಿ ಟೀಚರ್. ಮದುವೆ ವಯಸ್ಸು ಸ್ವಲ್ಪ ಮೀರಿತ್ತು, ನಾಲಿಗೆ ಅದಕ್ಕಿಂತ ಜಾಸ್ತಿ ಮೀರಿತ್ತು. ಬಾಯಮ್ಮನ ಮನೆ ಪಕ್ಕದಲ್ಲೇ ನನ್ನ ಬಾಡಿಗೆ ಕೋಣೆ. ಆನೆ ಓಡಾಡೋ ಜಾಗ, ಒಬ್ಬಳೇ ಹೋಗಬೇಡ ಅಂತ ಅವರಣ್ಣ ತಂಗಿಗೆ ತಾಕೀತು ಮಾಡಿದ್ದರಿಂದ ಸಂಜೆ ನಾನು ಜೊತೆಗೆ ಹೋಗೋದು ರೂಢಿಯಾಯ್ತು. ಆನೆ ಬಂದಿದ್ದರೆ ನಾನೇನು ಮಾಡ್ತಿದ್ದೆ? ಇಬ್ಬರೂ ಕೂಡಿ ತುಳಿಸಿಕೊಳ್ತಿದ್ವಿ, ಅಷ್ಟೇ. ಒಬ್ಬರನ್ನೊಬ್ಬರು ಬೈಕೊಂಡು ಓಡಾಡೋದು ಮಾತ್ರ ನಮ್ಮಿಬ್ಬರಿಗೂ ಒಗ್ಗಿಹೋಯ್ತು.

ರೆಕಾರ್ಡ್ ಮಾಡೋಕೆ ಒಂದು ಕಟ್ಟುಪಾಡಿತ್ತು. ಮೊದಲು ಬಾಯಮ್ಮ ಮೈಕು ಹಿಡಿದು ಊರು, ಜಾಗ, ಮಳೆಯ ಸ್ಥಿತಿ ಹೇಳೋರು. ಆಮೇಲೆ ಯಾರೂ ತುಟಿ ಪಿಟಕ್ ಅನ್ನೋ ಹಂಗಿಲ್ಲ. ಯಂತ್ರ ಓಡುವಾಗ ನಾನೊಂದು ಸಲ ಸೀನಿದ್ದಕ್ಕೆ ಮನೆ ತಲುಪೋವರೆಗೂ ಮಾತು ಬಿಟ್ಟಿದ್ದರು. "ಯಾಕಿಷ್ಟು ಒದ್ದಾಟ ಬಾಯಮ್ಮ, ಕಪ್ಪೆ ಎಲ್ಲಿಗೆ ಹೋಗುತ್ತೆ, ಮುಂದಿನ ವರ್ಷವೂ ಕೂಗುತ್ತೆ" ಅಂದಿದ್ದೆ. ಅವರು ಟಾರ್ಚು ನನ್ನ ಮುಖಕ್ಕೇ ಬಿಟ್ಟರು. "ಈ ಹಳ್ಳದಲ್ಲಿ ಯಾರ್ಯಾರೆಲ್ಲ ಇದ್ದರು ಅಂತ ಮುಂದೆ ಒಬ್ಬ ಕೇಳ್ತಾನೆ ಅಂತ ಇಟ್ಕೋ. ನಾನೆಂತ ಹೇಳುವುದು? ನೆನಪುಂಟು ಅಂತಲಾ? ಒಂದು ಮುದುಕಿಯ ನೆನಪನ್ನು ಯಾರು ನಂಬ್ತಾರೆ ಮಾರಾಯ್ತಿ?"

ಆ ಸೀಮೆಯ ಮಳೆ ನಿಮಗೆ ಗೊತ್ತಿದ್ದರೆ ಬೂಷ್ಟೂ ಗೊತ್ತಿರುತ್ತೆ. ಚಪ್ಪಲಿ, ಬೆಲ್ಟು, ಗೋಡೆಗೆ ತೂಗುಹಾಕಿದ ಫೋಟೊ, ಏನನ್ನೂ ಬಿಡಲ್ಲ. ಕ್ಯಾಸೆಟ್ಟಿನ ರೀಲಿಗೂ ಬೆಳ್ಳಗೆ ಹತ್ತಿಕೊಳ್ಳೋದು. ಅದಕ್ಕೇ ಬಾಯಮ್ಮ ಕ್ಯಾಸೆಟ್ಟುಗಳನ್ನ ಬಿಸ್ಕತ್ ಡಬ್ಬಗಳಲ್ಲಿ ತುಂಬಿಸಿ, ಒಂದೊಂದಕ್ಕೂ ಹುರಿದಕ್ಕಿಯ ಒಂದು ಪುಟ್ಟ ಬಟ್ಟೆಗಂಟು ಹಾಕಿಡೋರು. ಅಕ್ಕಿ ತೇವ ಹೀರುತ್ತೆ. ಹೀರಿ ಮೆತ್ತಗಾದ ಅಕ್ಕಿ ಕೋಳಿಗೆ, ಡಬ್ಬಕ್ಕೆ ಹೊಸದು. ಮಳೆಗಾಲದ ಭಾನುವಾರ ಅವರು ಚರ್ಚಿನಿಂದ ಬಂದವರೇ ಬಾಣಲೆ ಒಲೆ ಮೇಲಿಡೋರು. ನಾನು ಹಳೇ ಸೀರೆ ಹರಿದು ಗಂಟು ಕಟ್ಟೋಕೆ ಕೂರ್ತಿದ್ದೆ. ಮನೆ ತುಂಬಾ ಹುರಿದಕ್ಕಿ ಘಮ. ಕಪ್ಪೆಗಳಿಗೆ ಇಷ್ಟು ಉಪಚಾರ ಆಗೋದು ನೋಡಿ ನನಗೆ ಹೊಟ್ಟೆಕಿಚ್ಚಾಗ್ತಿತ್ತು ಅಂದ್ರೆ ನಂಬ್ತೀರೋ ಇಲ್ವೋ.

ಒಂದು ಮಳೆಗಾಲದ ಶುರುವಿನಲ್ಲಿ, ಗದ್ದೆ ಬದುವಿನ ಮೇಲೆ ಕೂತಿದ್ವಿ. ಅಂಚಿನ ಕಾಫಿ ಗಿಡಗಳ ಎಲೆ ಮೇಲೆ ಕೂರೋ ಒಂದು ಕಪ್ಪೆ ಐತೆ, ಹೆಬ್ಬೆರಳಿನ ಉಗುರಿನಷ್ಟು. ಅದರ ಕೂಗು ಮಾತ್ರ ಸಣ್ಣ ಗೆಜ್ಜೆ ಕಿವಿಗೆ ಕಟ್ಟಿದ ಹಾಗೆ. ಬಾಯಮ್ಮ ಅದನ್ನ 'ಸಣ್ಣವ' ಅಂತಿದ್ದರು. ಅವತ್ತು ಯಂತ್ರ ಹಾಕಿ, ಜಾಗ ಹೇಳಿ, ಸ್ವಲ್ಪ ಹೊತ್ತು ಕಿವಿಗೊಟ್ಟು, ಮೈಕಿಗೆ ಹೇಳಿದರು: "ಸಣ್ಣವ ಈ ವರ್ಷ ಬರ್ಲಿಲ್ಲ."

ನಾನು ತಿರುಗಿ ನೋಡಿದೆ. ಸಣ್ಣವ ನನ್ನ ತಲೆ ಮೇಲೇ ಕೂತು ಬಡ್ಕೊಳ್ತಾವ್ನೆ! ಸೆರಗು ಜಗ್ಗಿದೆ, ಗಿಡದ ಕಡೆ ಬೆರಳು ತೋರಿಸಿದೆ. ಅವರು ತಮಾಷೆ ಅಂದುಕೊಂಡು ಹುಬ್ಬು ಗಂಟಿಕ್ಕಿದರು. ಆಮೇಲೆ ಅವರ ಕಣ್ಣು ಯಂತ್ರದ ಮೇಲೆ ಬಿತ್ತು. ಅದರ ಮುಖದ ಮೇಲೆ ಒಂದು ಮುಳ್ಳಿತ್ತು, ಶಬ್ದ ಬಿದ್ದರೆ ಕುಣಿಯೋ ಅಂಥದ್ದು. ಮುಳ್ಳು ಕುಣೀತಾ ಇತ್ತು. ಸಣ್ಣವ ಒಂದೊಂದು ಸಲ ಕೂಗಿದಾಗಲೂ ಎದ್ದೆದ್ದು ಬೀಳ್ತಿತ್ತು. ಬಾಯಮ್ಮ ಅದನ್ನೇ ನೋಡ್ತಾ ಕೂತರು. ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗೋದು ಸಣ್ಣ ಕೀರಲು ದನಿಯೇ ಅಂತ ಪಾಠ ಮಾಡಿದವರೇ ಅವರು. ತಮ್ಮ ಸರದಿ ಬಂದದ್ದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಯಂತ್ರ ನಿಲ್ಲಿಸಲಿಲ್ಲ ಅವರು. ಗಂಟಲು ಸರಿಮಾಡಿಕೊಂಡು ಮೈಕಿಗೆ ಹೇಳಿದರು: "ತಿದ್ದುಪಡಿ. ಸಣ್ಣವ ಬಂದಿದ್ದಾನೆ. ನನಗೆ ಕೇಳಲಿಲ್ಲ." ಆಮೇಲೆ ಮೈಕು ಮರೆತವರ ಹಾಗೆ ನನ್ನ ಕಡೆ ವಾಲಿ, ಮೆಲ್ಲಗೆ, "ಈಗಲೂ ಕೇಳ್ತದಾ ಮಾರಾಯ್ತಿ?" ಅಂದರು. ಯಂತ್ರ ಓಡುವಾಗ ಮಾತಾಡಬಾರದಲ್ಲ... ನಾನು ಅವರ ಕೈ ಹಿಡಿದು ಅದುಮಿದೆ. ಕೇಳ್ತೈತೆ ಅಂತ. ತಣ್ಣಗಿತ್ತು ಆ ಕೈ. ಅವರೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕ್ಯಾಸೆಟ್ಟು ತಾನಾಗಿ ಟಕ್ ಅಂತ ನಿಲ್ಲೋವರೆಗೆ ಹಾಗೇ ಕೂತಿದ್ವಿ.

ಮನೆಗೆ ಬಂದು, "ಆ ತಪ್ಪು ಮಾತು ಅಳಿಸಿಬಿಡಿ ಬಾಯಮ್ಮ, ಯಾರಾದ್ರೂ ಕೇಳಿದ್ರೆ ಏನಂದ್ಕೋತಾರೆ" ಅಂದೆ. "ಅಳಿಸಬಾರದು. ತಪ್ಪೂ ಇರ್ಲಿ, ತಿದ್ದಿದ್ದೂ ಇರ್ಲಿ. ತಪ್ಪನ್ನ ತೆಗೆದ್ರೆ ನಾನು ಯಾವತ್ತಿಂದ ಕಿವುಡಿ ಅಂತ ಕೇಳುವವರಿಗೆ ಗೊತ್ತಾಗುವುದು ಹೇಗೆ? ಹೋದ ವರ್ಷ ಬೇರೆ ಕಪ್ಪೆ ಬರ್ಲಿಲ್ಲ ಅಂದದ್ದೂ ಸುಳ್ಳಿರಬಹುದು ಅಲ್ವಾ?" ಅಂದರು. ಅಂದವರೇ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದರು. ತೊಳೆಯೋಕೆ ಅಷ್ಟೊಂದು ಪಾತ್ರೆ ಇರಲಿಲ್ಲ.

ಅಲ್ಲಿಂದಾಚೆ ನಾವು ಕೈ ಹಿಡಿದುಕೊಂಡೇ ರೆಕಾರ್ಡ್ ಮಾಡಿದ್ವಿ. ನನಗೆ ಸಣ್ಣವ ಕೇಳಿದರೆ ಅದುಮೋದು, ಅವರು ಪೆನ್ಸಿಲಿನಲ್ಲಿ ಗುರುತು ಹಾಕೋದು. ಅವರ ಕಣ್ಣು, ನನ್ನ ಕಿವಿ.

ಅದೇ ವರ್ಷ ಇನ್ನೊಂದು ಅನಾಹುತ ಆಯ್ತು. ಬಿಡದೆ ಮಳೆ ಹೊಡೀತಿದ್ದ ವಾರ, ಅಕ್ಕಿ ಗಂಟುಗಳೂ ಸೋತುಹೋದವು. ನಮ್ಮ ಕಡೆ ಬಿತ್ತನೆ ಬೀಜ, ಒಣಮೀನು, ಹುಣಸೆಹಣ್ಣು ಎಲ್ಲವನ್ನೂ ಒಲೆ ಮೇಲಿನ ಅಟ್ಟದಲ್ಲಿಡ್ತೀವಿ, ಹೊಗೆಗೆ ಬೂಷ್ಟು ಬರಲ್ಲ. ಊರೆಲ್ಲ ಮಾಡೋದನ್ನ ನೋಡಿದ್ದ ಬಾಯಮ್ಮ ಒಂದು ಡಬ್ಬವನ್ನ ಅಲ್ಲೇ ಏರಿಸಿದರು. ಮಾರನಹಳ್ಳಿ ಹಳ್ಳದ ಕೂಗಿನ ಡಬ್ಬ ಅದು. ಇಳಿಸಿ ನೋಡಿದರೆ ಬೂಷ್ಟೇನೋ ಇರಲಿಲ್ಲ. ಪ್ಲಾಸ್ಟಿಕ್ಕು ಸೊಟ್ಟಗಾಗಿ, ರೀಲೆಲ್ಲ ಹಪ್ಪಳದ ಹಾಗೆ ಮುದುರಿತ್ತು. ಬೀಜ ತಡೆದುಕೊಂಡ ಬಿಸಿ ಕ್ಯಾಸೆಟ್ಟು ತಡೀಲಿಲ್ಲ. "ಮತ್ತೆ ಹೋಗಿ ಹಿಡ್ಕೊಂಡು ಬರೋಣ ಬನ್ನಿ" ಅಂದೆ. "ಆಗಿನ ಕೂಗನ್ನ ಈಗ ಹಿಡೀಲಿಕ್ಕೆ ಆಗ್ತದಾ?" ಅಂದರು, ಅಷ್ಟೇ. ಆ ಡಬ್ಬ ತೊಡೆ ಮೇಲಿಟ್ಟುಕೊಂಡು ಮತ್ತೆ ಹೇಳಿದರು: "ಇನ್ನು ಇವು ನನ್ನ ಹತ್ರ ಇರಬಾರದು. ನನಗೆ ಕಿವಿ ಹೋಯ್ತು. ನಾಳೆ ನಾನೂ ಹೋಗ್ತೇನೆ. ಒಂದು ಒಳ್ಳೆ ಜಾಗ ನೋಡಿ ಕೊಟ್ಟುಬಿಡಬೇಕು."

ಕೊಡೋದು ಅಂದರೆ ಯಾರಿಗೆ? ಶಬ್ದಗಳನ್ನ, ಸಂಶೋಧನೆಯ ಸಾಮಾನುಗಳನ್ನ ಕೂಡಿಡೋ ಜಾಗಗಳು ಅಂತ ಇರ್ತವಂತೆ, ಅದು ನನಗೆ ಆಗಲೇ ಗೊತ್ತಾಗಿದ್ದು. ಬಾಯಮ್ಮ ಕಾಗದ ಬರೆದರು. ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯಿಂದಲೂ ಮೈಸೂರಿನ ಒಂದು ಸಣ್ಣ ಸಂಗ್ರಹದಿಂದಲೂ ಕೊಡಿ ಅಂತ ಉತ್ತರ ಬಂತು. ಎರಡೂ ಕಾಗದ ಮೇಜಿನ ಮೇಲೆ ಬಿದ್ದಿದ್ದವು. ಯಾರನ್ನ ನಂಬೋದು? ಇಂಥ ಮಾತಿಗೆ ಅಳತೆಗೋಲು ಎಲ್ಲಿ ಸಿಗುತ್ತೆ? ಬಾಯಮ್ಮ ಊಟ ಸರಿಯಾಗಿ ಮಾಡ್ತಿರಲಿಲ್ಲ.

ಅದೇ ಹೊತ್ತಿಗೆ ನನಗೊಂದು ಗಂಡು ಗೊತ್ತಾಗೋ ಹಾಗಿತ್ತು. ಆಲೂರಿನ ಕಡೆ, ಆಲೂಗಡ್ಡೆ, ಜೋಳ ಬೆಳೆಯೋ ಮನೆ. ಹೆಣ್ಣು ಕೊಡೋ ಮುಂಚೆ ಹೆಣ್ಣಿನ ಕಡೆಯೋರು ಗಂಡಿನ ಮನೆ ನೋಡಿ ಬರೋದು ಪದ್ಧತಿ. ಹುಡುಗಿ ಹೋಗೋ ಹಂಗಿಲ್ಲ. ನಮ್ಮಪ್ಪ, ಸೋದರತ್ತೆ ಹೊರಟರು. ಗಾಡಿ ಬೇಕಲ್ಲ, ಬಾಯಮ್ಮ ತಮ್ಮ ಹಳೇ ಜೀಪು ತೆಗೆದು ತಾವೇ ಓಡಿಸಿಕೊಂಡು ಹೋದರು. ಅಲ್ಲಿ ನಡೆದದ್ದನ್ನ ನಾನು ಕಣ್ಣಾರೆ ಕಂಡಿಲ್ಲ. ಬಾಯಮ್ಮ ವಾಪಸ್ ಬಂದು ನನ್ನ ಕೋಣೆ ಬಾಗಿಲಲ್ಲೇ ಕೂತು ಹೇಳಿದ್ದು.

ಗಂಡಿನ ಮನೆಗೆ ಹೇಳಿದ್ದ ದಿನ ಬಿಟ್ಟು ಹಿಂದಿನ ದಿನವೇ ಸೋದರತ್ತೆ ಹೊರಡಿಸಿದ್ದರಂತೆ. "ಹೇಳಿ ಹೋದ್ರೆ ಸಗಣಿ ಸಾರ್ಸಿ ರಂಗೋಲಿ ಬಿಟ್ಟಿರ್ತಾರೆ ಕಣಮ್ಮ. ಹೇಳ್ದಂಗೆ ಹೋದ್ರೆ ಮನೆ ಇದ್ದಂಗೆ ಇರ್ತೈತೆ" ಅಂತ. ಹೋದವರೇ ಕುಡಿಯೋಕೆ ನೀರು ಕೇಳಿದ್ದಾರೆ. ಬಾಯಾರಿಕೆಯಿಂದಲ್ಲ, ನೀರು ಎಷ್ಟು ಬೇಗ ಬರುತ್ತೆ, ಯಾರು ತರ್ತಾರೆ, ಲೋಟ ತೊಳೆದಿದೆಯಾ ಅಂತ. ಆಮೇಲೆ ಎಲೆ ಅಡಿಕೆ ಉಗುಳೋ ನೆಪ ಮಾಡಿ ಹಿತ್ತಿಲಿಗೆ ಹೋಗಿ ಕೊಟ್ಟಿಗೆ ನೋಡಿದ್ದಾರೆ. ಕೊನೆಗೆ ಗಂಡಿನ ತಾಯಿಯ ಪಕ್ಕ ಕೂತು, "ಈ ಮನೇಲಿ ಏನೇನು ಕಷ್ಟ ಆಗೈತೆ ಹೇಳ್ಬುಡವ್ವ" ಅಂದಿದ್ದಾರೆ. ಆಕೆ, "ದೊಡ್ಡ ಸೊಸೆ ಇಲ್ಲಿ ನಿಲ್ದೆ ತವರಿಗೆ ಹೋಗ್ಬುಟ್ಲು. ಅವ್ಳದೇ ತಪ್ಪು ಅಂತ ಊರೋರು ಅಂತಾರೆ. ನಂದೂ ಐತೆ ಕಣವ್ವ. ನಾನು ಆಗ ಬಾಳ ಜೋರಿದ್ದೆ" ಅಂದರಂತೆ.

ನಮ್ಮಪ್ಪನ ಮುಖ ಕಪ್ಪಿಟ್ಟಿತಂತೆ. ಸೊಸೆ ಓಡಿಹೋದ ಮನೆಗೆ ಹೆಣ್ಣು ಕೊಡೋದಾ! ಅತ್ತೆ ಮಾತ್ರ ಜೀಪು ಹತ್ತಿದ ಮೇಲೆ, "ಇದೇ ಮನೆ ಆಗ್ಲಿ" ಅಂದುಬಿಟ್ಟರು. "ಕಳ್ಕೊಂಡಿದ್ದನ್ನ ಕೇಳ್ದಾಗ ಹೇಳಿದ್ರಲ್ಲ, ಇನ್ನೇನು ಬಚ್ಚಿಡ್ತಾರೆ? ಇನ್ನೊಂದ್ಸಲ ಕಳ್ಕೊಳ್ಳಾಕೆ ಅವ್ರಿಗೇ ಭಯ ಇರ್ತೈತೆ."

ಬಾಯಮ್ಮ ಇದನ್ನ ಹೇಳೋವಾಗ ಅವರ ಕಣ್ಣು ಹೊಳೀತಿತ್ತು. ನನ್ನ ಮದುವೆ ಖುಷಿಗೆ ಅಂದುಕೊಂಡೆ. ಎಲ್ಲಿಯ ಮಾತು! "ನಿನ್ನ ಸೋದರತ್ತೆ ಎಂತ ಹೆಂಗಸು ಮಾರಾಯ್ತಿ! ನಾವು ಕ್ಯಾಸೆಟ್ಟಿಗೂ ಹಾಗೇ ಮನೆ ನೋಡುವ. ನಾಳೆಯೇ ಹೋಗುವ" ಅಂದರು. ನನ್ನ ಗಂಡು ಹೇಗಿದ್ದಾನೆ ಅಂತ ಕೇಳೋಕೆ ನಾನೇ ಬಾಯಿ ಬಿಡಬೇಕಾಯ್ತು. "ಆ? ಹೌದು, ಒಳ್ಳೆ ಹುಡುಗ. ಕಿವಿ ಚೆನ್ನಾಗುಂಟು" ಅಂದರು.

ಬೆಂಗಳೂರಿಗೆ ಹೋದ್ವಿ, ಹೇಳಿದ ದಿನಕ್ಕಿಂತ ಮುಂಚೆಯೇ. ಏನು ಕಟ್ಟಡ ಅದು! ನೆಲದಲ್ಲಿ ಮುಖ ಕಾಣ್ತಿತ್ತು. "ನೀವು ಗುರುವಾರ ಬರ್ಬೇಕಿತ್ತಲ್ವಾ ಮೇಡಂ?" ಅಂತ ಒಬ್ಬ ಹುಡುಗ ಗಾಬರಿಯಾದ. ಪಾಪ, ಒಳ್ಳೆಯವನೇ, ಕೂರಿಸಿ ಚಹಾ ತರಿಸಿಕೊಟ್ಟ. ಬಾಯಮ್ಮ ಅತ್ತೆಯ ನೀರು ಕೇಳೋ ವರಸೆ ತೆಗೆದರು. "ಬೇರೆ ಯಾರಾದ್ರೂ ಕೊಟ್ಟ ಹಳೇ ರೆಕಾರ್ಡಿಂಗ್ ಒಂದು ಕೇಳಿಸ್ತೀರಾ? ಯಾವುದಾದ್ರೂ ಆದೀತು." ಬೀರುವಿನ ಕೀಲಿ ರಜೆ ಹಾಕಿದವರ ಹತ್ತಿರ ಇತ್ತು. ಇನ್ನೊಬ್ಬರಿಗೆ ಫೋನು ಮಾಡಿದರು, ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಮೇಲಿನವರೊಬ್ಬರು ಇಳಿದುಬಂದು, ನಿಮ್ಮ ಕ್ಯಾಸೆಟ್ಟುಗಳನ್ನ ನಾವು ಕ್ಲೀನ್ ಮಾಡ್ತೀವಿ, ಮಾತು, ಕೆಮ್ಮು, ಮಳೆ ಸದ್ದು ಎಲ್ಲ ಕತ್ತರಿಸಿ ಬರೀ ಕಪ್ಪೆ ಉಳಿಸ್ತೀವಿ ಅಂದರು. "ಮುಖ ತೊಳೀತೀರಾ, ಮೂಗು ಕೊಯ್ತೀರಾ?" ಅಂದರು ಬಾಯಮ್ಮ. ಅವರಿಗೆ ಅರ್ಥ ಆಗಲಿಲ್ಲ, ನನಗೆ ನಗು ತಡೆಯೋಕಾಗಲಿಲ್ಲ. ಕೊನೆಗೆ ಅತ್ತೆಯ ಪ್ರಶ್ನೆ ಬಂತು: ಇಲ್ಲಿ ಯಾವುದಾದರೂ ಹಾಳಾದದ್ದು, ಕಳೆದದ್ದು ಉಂಟಾ? "ಛೇ ಛೇ, ನಮ್ಮಲ್ಲಿ ಈವರೆಗೆ ಒಂದೂ ಕಳೆದಿಲ್ಲ ಮೇಡಂ."

ನಾನಾಗಿದ್ದರೆ ಅವತ್ತೇ ಕೊಟ್ಟು ಬರ್ತಿದ್ದೆ. ಅಷ್ಟು ಚೆಂದ ಇತ್ತು. ಬಸ್ಸಿನಲ್ಲಿ ಅದನ್ನೇ ಹೇಳಿದೆ. ಬಾಯಮ್ಮ ಕಿಟಕಿ ಕಡೆ ನೋಡ್ತಾ, "ಒಂದೂ ಕಳೆಯದ ಮನೆ ಉಂಟಾ? ಕಳೆದದ್ದು ಅವರಿಗೇ ಗೊತ್ತಿಲ್ಲ, ಅಷ್ಟೇ" ಅಂದರು.

ಮೈಸೂರಿನದು ಹೆಂಚಿನ ಮನೆ. ಅಂಗಳದಲ್ಲಿ ದಾಸವಾಳ. ನೋಡಿಕೊಳ್ತಿದ್ದವರು ಒಬ್ಬ ಸಣಕಲು ಮನುಷ್ಯ, ಸ್ವೆಟರ್ ತೋಳಿಗೆ ತೇಪೆ. ಮುಂಚೆ ಯಾವುದೋ ಕಾಲೇಜಲ್ಲಿ ಮೇಷ್ಟರಂತೆ. ನಾನು ಅವರನ್ನ ಸಾರ್ ಅಂತಲೇ ಕರೆದೆ, ಇಲ್ಲೂ ಹಾಗೇ ಇರಲಿ. ಮುಂಚೆಯೇ ಬಂದದ್ದಕ್ಕೆ ಅವರು ಗಾಬರಿಯಾಗಲಿಲ್ಲ, "ಬನ್ನಿ, ಚಪ್ಪಲಿ ಹೊರಗೆ ಬಿಡಿ, ಧೂಳು ಆಗಲ್ಲ" ಅಂದರು. ಹಳೇ ರೆಕಾರ್ಡಿಂಗ್ ಕೇಳಿದ್ದಕ್ಕೆ, ನಮಗೆ ಕೊಟ್ಟ ನೀರು ಕುಡಿದು ಲೋಟ ಕೆಳಗಿಡೋ ಹೊತ್ತಿಗೆ ಟೇಪಿನಲ್ಲಿ ಯಾವುದೋ ಹಕ್ಕಿ ಕೂಗ್ತಿತ್ತು. ಅದರ ಹಿಂದೆ ಯಾರೋ ಸೈಕಲ್ ಬೆಲ್ ಹೊಡೆದದ್ದೂ ಇತ್ತು. ಕತ್ತರಿಸಿರಲಿಲ್ಲ. "ಇದರದೇ ಇನ್ನೊಂದು ಪ್ರತಿ ಬೇರೆ ಊರಿನಲ್ಲಿದೆ. ಈ ಮನೆಗೆ ಬೆಂಕಿ ಬಿದ್ರೂ ಅದು ಇರುತ್ತೆ" ಅಂದರು. ತಾವು ಹೋದರೆ ಮುಂದೆ ಯಾರು ನೋಡಿಕೊಳ್ಳಬೇಕು ಅನ್ನೋದನ್ನೂ ಬರೆದು ಗೋಡೆಗೇ ಅಂಟಿಸಿದ್ದರು, ಬಂದೋರೆಲ್ಲ ಓದೋ ಹಾಗೆ. ಯಾರು ಬಂದು ಕೇಳಿದರೂ ಕೇಳಿಸ್ತೀರಾ ಅಂದರು ಬಾಯಮ್ಮ. "ಕೇಳಿಸೋಕೆ ತಾನೇ ಇಟ್ಕೊಂಡಿರೋದು?" ಅಂತ ಅವರಿಗೇ ಆಶ್ಚರ್ಯ.

"ಹಿತ್ತಿಲು ನೋಡಬೇಕಿತ್ತು" ಅಂದರು ಬಾಯಮ್ಮ.

ಸಾರ್ ಮುಖ ಸಣ್ಣದಾಯ್ತು. ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲೊಂದು ಬೀರು. ತೆಗೆದರೆ ಸತ್ತ ಟೇಪುಗಳು. ಒಂದೊಂದಕ್ಕೂ ಚೀಟಿ ಕಟ್ಟಿತ್ತು. ಹೆಂಚು ಸೋರಿ ನೆಂದದ್ದು, ಯಂತ್ರಕ್ಕೆ ಸಿಕ್ಕಿ ಹರಿದದ್ದು, ಒಂದರಲ್ಲಿ ಬರೀ 'ನನ್ನ ಕೈತಪ್ಪು, ಮೇಲೆ ಬೇರೆ ರೆಕಾರ್ಡ್ ಆಯಿತು' ಅಂತ. "ಕೆಟ್ಟಿದ್ದನ್ನ ಯಾಕೆ ಸಾರ್ ಇಟ್ಕೊಂಡಿದೀರಿ, ಬಿಸಾಕಬಾರದಾ?" ಅಂತ ನಾನು ಕೇಳಿದೆ.

"ಕೊಟ್ಟೋರು ಬಂದು ಎಲ್ಲಿ ಅಂತ ಕೇಳಿದ್ರೆ ತೋರಿಸಬೇಕಲ್ಲಮ್ಮ" ಅಂದರು.

ಬಾಯಮ್ಮ ಚೀಲಕ್ಕೆ ಕೈ ಹಾಕಿ, ಆ ಅಟ್ಟದ ಮೇಲಿನ ಸೊಟ್ಟ ಕ್ಯಾಸೆಟ್ಟುಗಳಲ್ಲಿ ಒಂದನ್ನ ಹೊರಗೆ ತೆಗೆದರು. ಅದನ್ನ ಜೊತೆಗೆ ತಂದಿದ್ದಾರೆ ಅಂತ ನನಗೂ ಗೊತ್ತಿರಲಿಲ್ಲ. "ಇದನ್ನೂ ಇಲ್ಲಿ ಇಡ್ತೀರಾ? ಮಾರನಹಳ್ಳಿ ಹಳ್ಳ. ಇದು ನನ್ನ ಕೈತಪ್ಪು." ಸಾರ್ ಅದನ್ನ ಎರಡೂ ಕೈಯಲ್ಲಿ ತಗೊಂಡರು. ಒಂದು ಚೀಟಿ ಬರೆದು, ದಾರ ಕಟ್ಟಿ, ಬೀರುವಿನಲ್ಲಿ ಜಾಗ ಮಾಡಿ ಇಟ್ಟರು. ಇಬ್ಬರೂ ಸ್ವಲ್ಪ ಹೊತ್ತು ಅದರ ಮುಂದೆ ನಿಂತಿದ್ದರು. ಬಾಯಮ್ಮನ ಮಕ್ಕಳಿಗೆ ಮನೆ ಸಿಕ್ಕಿತು ಅಂತ ನನಗೆ ಆಗಲೇ ತಿಳೀತು.

ಮುಂದಿನ ತಿಂಗಳು ಜೀಪಿನಲ್ಲಿ ಡಬ್ಬಗಳನ್ನೆಲ್ಲ ತುಂಬಿಕೊಂಡು ಹೋದ್ವಿ. ಹಿಂದಿನ ದಿನ ಬಾಯಮ್ಮ ಹೊಸ ಅಕ್ಕಿ ಹುರಿದು, ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿದ್ದರು. ಸಾರ್ ಒಂದೊಂದೇ ಡಬ್ಬ ತೆಗೆದು ನೋಡಿ, ಗಂಟುಗಳನ್ನೆಲ್ಲ ಈಚೆಗಿಟ್ಟರು. "ಕ್ಷಮಿಸಿ, ಅಕ್ಕಿ ಒಳಗೆ ಬರೋ ಹಾಗಿಲ್ಲ. ಹುಳ ಬರುತ್ತೆ." ನನಗೆ ಎಲ್ಲಿತ್ತೋ ಕೋಪ! "ಏನ್ ಸಾರ್ ನೀವು, ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ಮಡಿಲಕ್ಕಿ ಕೊಟ್ಟು ಕಳಿಸ್ತೀವಿ, ಅದನ್ನ ಯಾರಾದ್ರೂ ಬೇಡ ಅಂತಾರಾ? ಅಪಶಕುನ!" ಅಂದೆ. ಸಾರ್ ಕಕ್ಕಾಬಿಕ್ಕಿ. ಬಾಯಮ್ಮ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರೋ ಹಾಗೆ, ಗೋಡೆ ಹಿಡಿದುಕೊಂಡು ನಕ್ಕರು. "ಒಳ್ಳೆದಾಯ್ತು. ನನಗಿಂತ ಚೆನ್ನಾಗಿ ನೋಡ್ಕೊಳ್ತಾರೆ" ಅಂದರು.

ಹೊರಗೆ ಬಂದು ಜೀಪಿನ ಹತ್ತಿರ, "ಸೆರಗು ಹಿಡಿ" ಅಂದರು. ನನ್ನ ಮದುವೆ ಹತ್ತಿರದಲ್ಲೇ ಇತ್ತು. ಆ ಗಂಟುಗಳನ್ನೆಲ್ಲ ಒಂದೊಂದಾಗಿ ನನ್ನ ಮಡಿಲಿಗೆ ಹಾಕಿದರು. ಮದುವೆಯಾಗದ ಕ್ರಿಶ್ಚಿಯನ್ ಹೆಂಗಸು, ಮೈಸೂರಿನ ಬೀದಿಯಲ್ಲಿ, ಹುರಿದಕ್ಕಿಯಲ್ಲಿ ನನಗೆ ಮಡಿಲು ತುಂಬಿದ್ದು... ನಮ್ಮ ಶಾಸ್ತ್ರದಲ್ಲಿ ಎಲ್ಲೂ ಇಲ್ಲ ಬಿಡಿ. ಆದರೆ ನನಗೆ ಮದುವೆ ಅಂದರೆ ಇವತ್ತಿಗೂ ಅದೇ ನೆನಪಾಗೋದು.

"ಒಂದು ಮಾತು ಕೊಡು" ಅಂದರು ಆಗ. "ವರ್ಷಕ್ಕೊಂದು ಸಲ ಹೋಗಿ ಯಾವುದಾದ್ರೂ ಒಂದು ಕೇಳು. ನಾನು ಯಾರು, ನೀನು ಯಾರು ಅಂತ ಹೇಳಬೇಡ. ಗುರುತಿನವರಿಗೆ ಎಲ್ಲರೂ ಕೇಳಿಸ್ತಾರೆ. ದಾರಿ ಮೇಲೆ ಹೋಗುವವಳಿಗೂ ಕೇಳಿಸ್ತಾರಾ ಅಂತ ನೋಡು. ತವರಿನವರು ಹೋಗ್ತಾ ಬರ್ತಾ ಇದ್ರೆ ಮಗಳು ಚೆನ್ನಾಗಿರ್ತಾಳೆ ಅಲ್ವಾ?"

ಆಲೂರಿಗೆ ಸೊಸೆಯಾಗಿ ಬಂದೆ. ಗಂಡನ ತಾಯಿ, ನಮ್ಮತ್ತೆಮ್ಮ, ಒಂದು ದಿನವೂ ನನ್ನ ಮೇಲೆ ಜೋರು ಮಾಡಲಿಲ್ಲ, ನಾನೇ ಮಾಡಿದ್ದು. ವ್ಯವಸಾಯ, ಮಗಳು, ಅದು ಇದು ಅಂತ ಎಷ್ಟೇ ಕೆಲಸ ಇದ್ದರೂ ವರ್ಷಕ್ಕೊಂದು ಸಲ ಮೈಸೂರಿಗೆ ಹೋಗಿ ಅಪರಿಚಿತಳ ಹಾಗೆ ಒಂದು ಕ್ಯಾಸೆಟ್ ಕೇಳ್ತಿದ್ದೆ. ಸಾರ್‌ಗೆ ನಾನು ಯಾರು ಅಂತ ಗೊತ್ತೇ ಇತ್ತು, ಆದರೂ ಗೊತ್ತಿಲ್ಲದವರ ಹಾಗೇ, "ಯಾವ ಊರಿನದು ಬೇಕಮ್ಮ?" ಅಂತಿದ್ದರು. ಅಲ್ಲಿಂದ ನೇರ ಹೊಂಗಡಹಳ್ಳಕ್ಕೆ. ಅಷ್ಟೊತ್ತಿಗೆ ಬಾಯಮ್ಮನಿಗೆ ದೊಡ್ಡ ದನಿಯೂ ಕೇಳ್ತಿರಲಿಲ್ಲ. ಬಾಗಿಲಲ್ಲಿ ನಿಂತು ಮುಖ ನೋಡೋರು. ನಾನು ಕೈ ಹಿಡಿದು ಅದುಮ್ತಿದ್ದೆ. ಸಿಕ್ಕಿತು, ಚೆನ್ನಾಗೈತೆ ಅಂತ. "ಉಂಟಾ? ಸರಿ, ಹಾಗಾದ್ರೆ ಊಟ ಮಾಡು" ಅನ್ನೋರು.

ಒಂದು ವರ್ಷ ಹಾಗೇ ಮೈಸೂರಿನಿಂದ ಹೋದಾಗ ಮನೆಗೆ ಬೀಗ ಇತ್ತು. ಮೈ ಹುಷಾರು ತಪ್ಪಿ ಮಂಗಳೂರಿಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲೇ ತೀರಿಕೊಂಡರಂತೆ. ಮಣ್ಣಾಗಿ ವಾರದ ಮೇಲಾಗಿತ್ತು. ನನಗೆ ಹೇಳಿ ಕಳಿಸೋಕೆ ಯಾರಿಗೂ ಹೊಳೆದಿರಲಿಲ್ಲ. ತಪ್ಪೇನಿಲ್ಲ, ನಾನು ಅವರಿಗೆ ಏನಾಗಬೇಕು? ಅವರ ಜಗಲಿಯಲ್ಲಿ ಕೂತೆ. ಅವರಿಗೆ ಅದುಮಿ ಹೇಳಬೇಕಿದ್ದ ಸುದ್ದಿ ಕೈಯಲ್ಲೇ ಉಳಿದುಹೋಯ್ತು. ಕೋಳಿಗಳು ಬಂದು ಸುತ್ತ ನಿಂತವು, ಅಕ್ಕಿ ಹಾಕ್ತಾಳೇನೋ ಅಂತ.

ಮೊನ್ನೆ ತಂಬಿಟ್ಟಿನ ಅಕ್ಕಿ ಸೀದಿತ್ತಲ್ಲ, ಅದರ ಮಾರನೇ ವಾರವೇ ಮೈಸೂರಿಗೆ ಹೋದೆ, ಈ ವರ್ಷದ್ದು ಬಾಕಿ ಇತ್ತು. ಸಾರ್ ಇಲ್ಲ ಈಗ. ಗೋಡೆ ಮೇಲೆ ಬರೆದಿದ್ದ ಹಾಗೇ ಅವರ ಜಾಗಕ್ಕೆ ಬೇರೆಯವರು ಬಂದರು, ಅವರಾದ ಮೇಲೆ ಈಗೊಬ್ಬಳು ಚಿಕ್ಕ ಹುಡುಗಿ. ಎಲ್ಲ ಕಂಪ್ಯೂಟರಿನೊಳಗೆ. ಹಿಂದಿನ ಕೋಣೆಯ ಬೀರು ಮಾತ್ರ ಹಾಗೇ ಐತೆ. "ಯಾವುದು ಬೇಕು ಆಂಟಿ?" ಅಂದಳು. ಇಷ್ಟು ವರ್ಷ ನಾನು ಕೇಳದೆ ತಪ್ಪಿಸಿಕೊಂಡಿದ್ದ ಒಂದಿತ್ತು. ಹೊಂಗಡಹಳ್ಳ, ಗದ್ದೆ ಬದು ಅಂದೆ. ಆ ಗದ್ದೆ ಈಗ ಹೋಂಸ್ಟೇ. ಈಜೋ ಕೊಳ ಐತೆ, ಸಣ್ಣವನಿಲ್ಲ.

ಹುಡುಗಿ ಹಾಕಿದಳು. ಬಾಯಮ್ಮನ ದನಿ ಬಂತು. ಊರು, ಜಾಗ, ಮಳೆ ನಿಂತಿದೆ ಅಂತ. ಸಣ್ಣವ ಈ ವರ್ಷ ಬರ್ಲಿಲ್ಲ ಅಂದರು. ಅವರ ಮಾತಿನ ಹಿಂದೆಯೇ ಸಣ್ಣವ ಕೂಗ್ತಿದ್ದ. ತಿದ್ದುಪಡಿ, ನನಗೆ ಕೇಳಲಿಲ್ಲ ಅಂದರು. ಆಮೇಲೆ ದೂರದಿಂದ ಬಂದ ಹಾಗೆ, "ಈಗಲೂ ಕೇಳ್ತದಾ ಮಾರಾಯ್ತಿ?" ಅದಾದ ಮೇಲೆ ಬರೀ ಕಪ್ಪೆ.

"ಇದು ನನಗೆ ಯಾವಾಗಲೂ ಬೇಜಾರು ಆಂಟಿ. ಪಾಪ, ಅವರು ಯಾರನ್ನೋ ಕೇಳ್ತಾರೆ, ಆ ಕಡೆಯಿಂದ ಉತ್ತರಾನೇ ಬರಲ್ಲ. ಯಾರು ಅಂತ ನಮ್ಮಲ್ಲಿ ಮಾಹಿತಿ ಇಲ್ಲ" ಅಂದಳು ಹುಡುಗಿ.

ಗುರುತು ಹೇಳಬೇಡ ಅಂತ ಮಾತು ತಗೊಂಡಿದ್ದರು. ಆದರೆ ಇದು ತಪ್ಪಾಗೇ ಉಳಿದುಬಿಡುತ್ತಲ್ಲ... "ಉತ್ತರ ಕೊಟ್ಟಿದ್ದೆ ಕಣಮ್ಮ" ಅಂದೆ. "ಕೈ ಅದುಮಿದ್ದೆ." ಅವಳು ನನ್ನನ್ನೇ ನೋಡಿದಳು. ಆಮೇಲೆ ಏನೂ ಅಳಿಸದೆ, ಆ ರೆಕಾರ್ಡಿಂಗಿನ ಕೆಳಗೆ ನಾನು ಹೇಳಿದ್ದನ್ನ ಹಾಗೇ ಸೇರಿಸಿದಳು, ಓದಿ ತೋರಿಸಿದಳು. ತಿದ್ದುಪಡಿ: ಉತ್ತರ ಇತ್ತು, ಕೈಯಲ್ಲಿ.

"ಇನ್ನೊಂದ್ಸಲ ಹಾಕ್ತೀಯಾ?" ಅಂದೆ.

ಹಾಕಿದಳು. ಬಾಯಮ್ಮ ಮತ್ತೆ ವಾಲಿದರು, ಮತ್ತೆ ಕೇಳಿದರು. ಯಂತ್ರ ಓಡ್ತಾನೇ ಇತ್ತು. ಬೈದರೆ ಬೈಲಿ ಅಂತ ನಾನು ಬಾಯಿಬಿಟ್ಟೇ ಹೇಳಿದೆ.

"ಕೇಳ್ತೈತೆ ಬಾಯಮ್ಮ."